ಹೊಸ ಪಾರ್ಕ್ ಕೇಳುವ ಮೊದಲು ಹಳೇ ಪಾರ್ಕಿನ ಲೆಕ್ಕ ಕೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ನಮ್ಮೂರಿನ ಉದ್ಯಾನಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆವು. ಕಲಬುರಗಿಯಿಂದಲೇ ಜಾಸ್ತಿ ಪತ್ರ ಬಂದಿವೆ, ಬೀದರ್ ಮತ್ತು ಯಾದಗಿರಿಯಿಂದಲೂ ಬಂದಿವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಬಡಾವಣೆ ಸೇಡಂ ರಸ್ತೆ ಕಡೆ. ನಾಲ್ಕೈದು ವರ್ಷದ ಹಿಂದೆ ಇಲ್ಲಿ ಪಾರ್ಕ್ ಮಾಡಿದರು, ಉದ್ಘಾಟನೆ ಜೋರಾಗಿಯೇ ಆಯ್ತು. ಈಗ ಜೋಕಾಲಿಗೆ ಸರಪಳಿ ಇಲ್ಲ, ಜಾರುಬಂಡಿ ಒಡೆದಿದೆ, ಬೋರಿನ ಮೋಟಾರ್ ಸುಟ್ಟು ಎರಡು ಬೇಸಿಗೆ ಕಳೆಯಿತು. ಹೋಗಿ ಕೇಳಿದರೆ ‘ರಿಪೇರಿಗೆ ಗ್ರಾಂಟ್ ಇಲ್ಲ’ ಅಂತಾರೆ. ಅದೇ ಹೊತ್ತಿಗೆ ಪಕ್ಕದ ಬಡಾವಣೆಯಲ್ಲಿ ಹೊಸ ಪಾರ್ಕಿಗೆ ಭೂಮಿಪೂಜೆ ಆಗಿದೆ. ಹೊಸದಕ್ಕೆ ದುಡ್ಡಿದೆ, ಹಳೇದಕ್ಕೆ ಇಲ್ಲ, ಇದ್ಯಾವ ಲೆಕ್ಕ?
— ನಿವೃತ್ತ ಮೇಷ್ಟ್ರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಮೇಷ್ಟ್ರೇ, ನಿಮಗೆ ಅವರು ಸುಳ್ಳು ಹೇಳಿಲ್ಲ. ಸಮಸ್ಯೆ ಅದಕ್ಕಿಂತ ಆಳದಲ್ಲಿದೆ.

ಊರಿನ ಖಜಾನೆಗೆ ದುಡ್ಡು ಬರುವುದು ಎರಡು ದಾರಿಯಲ್ಲಿ. ಒಂದು ಮೇಲಿಂದ ಬರುವ ಅನುದಾನ. ಇನ್ನೊಂದು ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಲೈಸೆನ್ಸ್ ಫೀಸು ಅಂತ ಊರೇ ಎತ್ತುವ ದುಡ್ಡು. ಮೇಲಿಂದ ಬರುವುದಕ್ಕೆ ಬಹುತೇಕ ಷರತ್ತು ಇದ್ದೇ ಇರುತ್ತೆ, ಆ ಷರತ್ತು ‘ಕಾಮಗಾರಿ ಮಾಡಿ, ಆಸ್ತಿ ಮಾಡಿ’ ಅಂತಲೇ ಹೇಳುತ್ತೆ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ, ನಮ್ಮ ರಾಜ್ಯದ ಶಾಸಕರಿಗೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆಯಲ್ಲ, ಸಂಸದರ ನಿಧಿಯಲ್ಲಿ ಬಹುಕಾಲ ಬಾಳುವ ಆಸ್ತಿ ಮಾಡಬಹುದು, ಮಾಲಿಗೆ ಸಂಬಳ ಕೊಡುವಂತಿಲ್ಲ. ಊರುಗಳ ಮೂಲಸೌಕರ್ಯಕ್ಕೆ ಅಂತ ಕೇಂದ್ರ 2015ರಲ್ಲಿ ಶುರು ಮಾಡಿದ ಅಮೃತ್ ಯೋಜನೆಯಲ್ಲಿ ಉದ್ಯಾನಕ್ಕೆ ಅಂತಲೇ ರಾಜ್ಯದ ವಾರ್ಷಿಕ ಯೋಜನೆಯ ಶೇ 2.5ರವರೆಗೆ ತೆಗೆದಿಟ್ಟಿದ್ದರು. 500 ಊರುಗಳ ಆ ಪಟ್ಟಿಯಲ್ಲಿ ಕಲಬುರಗಿಯೂ ಇತ್ತು, ಬೀದರ್ ಕೂಡ ಇತ್ತು. ಅದೂ ಉದ್ಯಾನ ಮಾಡುವುದಕ್ಕೆ ಕೊಟ್ಟ ದುಡ್ಡೇ, ನಿರ್ವಹಣೆಗೆ ನಿವಾಸಿಗಳನ್ನು ಸೇರಿಸಿಕೊಂಡು ಊರೇ ವ್ಯವಸ್ಥೆ ಮಾಡಿಕೊಳ್ಳಬೇಕಿತ್ತು. 2021ರಿಂದ 2026ರವರೆಗಿನ ಅವಧಿಗೆ ಕೇಂದ್ರದ ತೆರಿಗೆ ದುಡ್ಡು ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಹೇಳಿದ್ದ ಹಣದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಉಳಿದ ಶೇ 40ಕ್ಕೆ ರಸ್ತೆ, ಚರಂಡಿ, ಬೀದಿದೀಪ ಎಲ್ಲವೂ ಕೈಚಾಚಿ ನಿಂತಿರುತ್ತವೆ. ಹಾಗಾಗಿ ನಿಮ್ಮ ಜೋಕಾಲಿಯ ಸರಪಳಿ ಊರಿನ ಸ್ವಂತ ದುಡ್ಡಿನಿಂದಲೇ ಬರಬೇಕು. ಅದು ಸಂಬಳ, ಕಸ ಸಾಗಣೆ, ಕರೆಂಟ್ ಬಿಲ್ಲಿಗೇ ಸಾಲುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀವು ಮೇಷ್ಟ್ರು, ಪೆನ್ನು ತಗೊಳ್ಳಿ. ಸುಮ್ನೆ ಉದಾಹರಣೆಗೆ ಒಂದು ಎಕರೆ ಪಾರ್ಕ್, ಖರ್ಚು 50 ಲಕ್ಷ ಅಂತ ಇಟ್ಟುಕೊಳ್ಳಿ. ಅದರಲ್ಲಿ ನಡೆಯುವ ಹಾದಿಗೆ 12 ಲಕ್ಷ, ಅದು 15 ವರ್ಷ ಬಾಳಬಹುದು. ಮಕ್ಕಳ ಆಟಿಕೆಗೆ 6 ಲಕ್ಷ, ನಮ್ಮ ಬಿಸಿಲಿಗೆ 8 ವರ್ಷ ಬಂದರೆ ಪುಣ್ಯ. ದೀಪ ಮತ್ತು ವೈರಿಂಗಿಗೆ 5 ಲಕ್ಷ, ಬೋರ್, ಮೋಟಾರ್, ಪೈಪಿಗೆ 4 ಲಕ್ಷ, ಇವೆರಡಕ್ಕೂ 8 ವರ್ಷವೇ. ಓಪನ್ ಜಿಮ್ಮಿಗೆ 6 ಲಕ್ಷ, 10 ವರ್ಷ. ಕಂಪೌಂಡು ಮತ್ತು ಗೇಟಿಗೆ 12 ಲಕ್ಷ, 25 ವರ್ಷ. ಶೌಚಾಲಯಕ್ಕೆ 5 ಲಕ್ಷ, 20 ವರ್ಷ. ಒಂದೊಂದರ ಖರ್ಚನ್ನೂ ಅದರ ಆಯುಷ್ಯದಿಂದ ಭಾಗಿಸಿ ಕೂಡಿಸಿ ನೋಡಿ. ವರ್ಷಕ್ಕೆ 4 ಲಕ್ಷ ಬರುತ್ತೆ. ಇದು ದಿನದ ಖರ್ಚಲ್ಲ, ಹಳೇದು ಸವೆದಾಗ ಮತ್ತೆ ಅದನ್ನೇ ತರುವುದಕ್ಕೆ ಪ್ರತಿ ವರ್ಷ ಎತ್ತಿಡಬೇಕಾದ ದುಡ್ಡು. ಇದರ ಮೇಲೆ ಇಬ್ಬರು ಮಾಲಿಗಳ ಕೂಲಿ, ಕರೆಂಟು, ನೀರು, ಸಣ್ಣಪುಟ್ಟ ರಿಪೇರಿ ಅಂತ ಇನ್ನೊಂದು 5 ಲಕ್ಷ ಹಿಡಿಯಿರಿ. ಒಟ್ಟು 9 ಲಕ್ಷ ಆಯ್ತು. ಬೆಲೆ ಒಂದು ರೂಪಾಯಿಯೂ ಏರದಿದ್ದರೂ 20 ವರ್ಷಕ್ಕೆ 1 ಕೋಟಿ 80 ಲಕ್ಷ! ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಈಗಿನ ಖರ್ಚು ಹನ್ನೆರಡು ವರ್ಷದಲ್ಲಿ ದುಪ್ಪಟ್ಟಾಗುತ್ತೆ, ಅದು ಬೇರೆ.

ಭೂಮಿಪೂಜೆಯ ದಿನ ಕಲ್ಲಿನ ಮೇಲೆ ಕೆತ್ತುವುದು 50 ಲಕ್ಷ ಮಾತ್ರ. ಆ 1 ಕೋಟಿ 80 ಲಕ್ಷ ಯಾರು ಕೊಡುತ್ತಾರೆ ಎಂದು ಎಲ್ಲೂ ಬರೆದಿರುವುದಿಲ್ಲ. ಒಂದೇ ವರ್ಷದಲ್ಲಿ ಇಂಥ ಹತ್ತು ಪಾರ್ಕ್ ಮಾಡಿದರೆ ಮುಂದಿನ ವರ್ಷದಿಂದ ಊರಿನ ಸ್ವಂತ ಖಜಾನೆ ಮೇಲೆ ವರ್ಷಕ್ಕೆ 90 ಲಕ್ಷದ ಹೊಸ ಹೊರೆ ಬಿತ್ತು ಅಂತಲೇ ಅರ್ಥ. ಯಾರೂ ಆ ಹೊರೆಗೆ ದುಡ್ಡು ಎತ್ತಿಡುವುದಿಲ್ಲ. ನಾಲ್ಕೈದು ವರ್ಷಕ್ಕೆ ಪಾರ್ಕ್ ಹಾಳುಬೀಳುತ್ತೆ, ಮತ್ತೆ ಅದೇ ಜಾಗಕ್ಕೆ ‘ಅಭಿವೃದ್ಧಿ’ ಅಂತ ಹೊಸ ಅನುದಾನ ಬರುತ್ತೆ, ಚೆನ್ನಾಗಿದ್ದ ಕಂಪೌಂಡನ್ನೂ ಕೆಡವಿ ಕಟ್ಟುತ್ತಾರೆ. ನನಗೆ ಇದು ತುಂಬಾ ಬೇಜಾರಿನ ಸಂಗತಿ. ಒಂದು ಸರಪಳಿ, ಒಂದು ಮೋಟಾರು ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಉಳಿಯುತ್ತಿದ್ದ ಪಾರ್ಕಿಗೆ ಇಡೀ ಹೊಸ ಖರ್ಚು ಹಾಕಬೇಕಾಗುತ್ತೆ.

ಹಾಗಾಗಿ ನೀವು ಕೇಳಬೇಕಾದ್ದು ಎರಡು. ಊರಿನ ಬಜೆಟ್ಟಿನಲ್ಲಿ ಉದ್ಯಾನಗಳ ಮರುನವೀಕರಣಕ್ಕೆ ಅಂತ ಒಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಬೇಕು, ಅದಕ್ಕೆ ಪ್ರತಿ ವರ್ಷ ದುಡ್ಡು ಬೀಳಬೇಕು, ಬಿದ್ದದ್ದನ್ನು ಬೇರೆ ಕಡೆ ತಿರುಗಿಸಬಾರದು. ಎರಡನೇದು, ಯಾವ ಹೊಸ ಪಾರ್ಕಿನ ಎಸ್ಟಿಮೇಟ್ ಮಂಜೂರಾಗುವ ಮೊದಲೂ ಅದರ ವರ್ಷದ ಖರ್ಚು ಎಷ್ಟು, ಎಲ್ಲಿಂದ ಬರುತ್ತೆ ಅನ್ನುವ ಒಂದು ಪುಟ ಅದರ ಜೊತೆ ಇರಬೇಕು. ಆ ಪುಟ ಇಲ್ಲದಿದ್ದರೆ ಹೊಸ ಪಾರ್ಕ್ ಬೇಡ ಅಂತಲೇ ನಾನು ಹೇಳುತ್ತೇನೆ, ಅದು ನನ್ನ ಬಡಾವಣೆಯದೇ ಆಗಿದ್ದರೂ ಸರಿ.

ಪ್ರಶ್ನೆ: ಹಾಗಾದರೆ ಊರಿಗೆ ಎಷ್ಟು ಪಾರ್ಕ್ ಬೇಕು ಅನ್ನೋದಕ್ಕೆ ಏನಾದರೂ ಅಳತೆ ಇದೆಯಾ? ನಾವು ಇರೋದು ದರ್ಗಾ ಕಡೆಯ ಹಳೇ ಓಣಿಯಲ್ಲಿ, ಮಕ್ಕಳು ರಸ್ತೆಯಲ್ಲೇ ಆಡ್ತಾರೆ.
— ಗೃಹಿಣಿ, ಕಲಬುರಗಿ

ಉತ್ತರ: ಇದೆ ಅಕ್ಕಾ. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿಯಲ್ಲಿ ಒಬ್ಬರಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕು ಎಂದಿದೆ. 5 ಸಾವಿರ ಜನಕ್ಕೆ ಅರ್ಧ ಹೆಕ್ಟೇರಿನ ಒಂದು ಸಣ್ಣ ಪಾರ್ಕ್, 15 ಸಾವಿರಕ್ಕೆ ಒಂದು ಹೆಕ್ಟೇರಿನದು, 1 ಲಕ್ಷಕ್ಕೆ 5 ಹೆಕ್ಟೇರಿನದು ಅಂತ ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದಾರೆ. 2011ರ ಜನಗಣತಿ ಪ್ರಕಾರ ಕಲಬುರಗಿಯ ಜನಸಂಖ್ಯೆ ಸುಮಾರು 5 ಲಕ್ಷ 33 ಸಾವಿರ, ವಾರ್ಡುಗಳು 55. ಅಂದರೆ ಆಗಲೇ ವಾರ್ಡಿಗೆ ಸರಾಸರಿ 9,700 ಜನ, ವಾರ್ಡಿಗೆ ಅರ್ಧ ಹೆಕ್ಟೇರಿನ ಎರಡು ಪಾರ್ಕ್ ಬೇಕಿತ್ತು. ಒಬ್ಬರಿಗೆ 10 ಚದರ ಮೀಟರ್ ಹಿಡಿದರೂ ಊರಿಗೆಲ್ಲ 530 ಹೆಕ್ಟೇರಿಗೂ ಜಾಸ್ತಿ, ಅಂದರೆ 1,300 ಎಕರೆ ದಾಟುತ್ತೆ.

ಆದರೆ ಈ ಸರಾಸರಿಯನ್ನು ನಂಬಿಕೊಂಡರೆ ಮೋಸ ಹೋಗುತ್ತೇವೆ. ಪ್ರಾಧಿಕಾರ ತಾನೇ ಮಾಡುವ ಬಡಾವಣೆಯಲ್ಲಿ ಶೇ 15 ಜಾಗ ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು ಅಂತ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಹೇಳಿತು. ಹಾಗಾಗಿ ಪಾರ್ಕಿಗೆ ಜಾಗ ಇರುವುದು ಹೊಸ ಬಡಾವಣೆಗಳಲ್ಲಿ, ಅಂಗಳ ಇರುವ ಮನೆಗಳ ಹತ್ತಿರ. ನಿಮ್ಮ ಓಣಿ ಹುಟ್ಟಿದ್ದು ಬಹಮನಿ ಸುಲ್ತಾನರ ಕಾಲದ ಊರಿನ ಸುತ್ತ, ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಅಂಗಳವೂ ಇಲ್ಲ, ಪಾರ್ಕೂ ಇಲ್ಲ. ಅನುದಾನ ಬಂದಾಗ ‘ಜಾಗ ಎಲ್ಲಿದೆ’ ಅಂತ ಕೇಳುತ್ತಾರೆ. ಜಾಗ ಇರುವುದು ಹೊಸ ಬಡಾವಣೆಯಲ್ಲಿ, ದುಡ್ಡೂ ಅಲ್ಲಿಗೇ ಹೋಗುತ್ತೆ. ಹೀಗೆ ಇರುವವರಿಗೇ ಮತ್ತೆ ಮತ್ತೆ ಸಿಗುತ್ತೆ.

ಕೋಟೆಯ ಸುತ್ತ ಜಾಗ ಇದೆಯಲ್ಲ ಅಂತ ಕೆಲವರು ಕೇಳಬಹುದು. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ನಲ್ಲಿ ಅನುಮತಿ ಬೇಕು. ಹಾಗಾಗಿ ಅಲ್ಲಿ ಶೆಡ್ಡು, ಗೋಡೆ, ಗೋಪುರ ಎಲ್ಲ ಸುಮ್ನೆ ಆಗಲ್ಲ. ಹಳೇ ಊರಿಗೆ ನನಗೆ ಕಾಣುವ ಬೇಗದ ದಾರಿ ಅಂದರೆ ಸರ್ಕಾರಿ ಶಾಲೆಯ ಮೈದಾನ. ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಓಣಿಯ ಮಕ್ಕಳಿಗೆ ತೆರೆದರೆ ಒಂದು ಗುಂಟೆಯೂ ಕೊಳ್ಳಬೇಕಿಲ್ಲ. ಒಬ್ಬ ಕಾವಲುಗಾರ, ನಾಲ್ಕು ದೀಪ, ಒಂದು ಶೌಚಾಲಯ, ಹತ್ತು ಬೇವಿನ ಮರ ಇದ್ದರೆ ಸಾಕು. ಶಾಲೆಯವರು ಒಪ್ಪಬೇಕಾದರೆ ಏನಾದರೂ ಮುರಿದರೆ ರಿಪೇರಿ ಯಾರು ಮಾಡಿಸುತ್ತಾರೆ ಅನ್ನುವುದನ್ನು ಮೊದಲೇ ಬರೆದುಕೊಡಬೇಕು. ಮುಖ್ಯೋಪಾಧ್ಯಾಯರ ಭಯ ಅದೇ, ನ್ಯಾಯವಾದ ಭಯವೇ. ಮುಂದಿನ ಇಪ್ಪತ್ತು ವರ್ಷದಲ್ಲಿ ಯಾವ ಪಾರ್ಕ್ ಕೆಲಸ ಯಾವಾಗ ಅಂತ ಊರು ಪಟ್ಟಿ ಮಾಡುವಾಗ ಏನೂ ಇಲ್ಲದ ವಾರ್ಡುಗಳ ಹೆಸರು ಮೇಲೆ ಬರಬೇಕು, ಆಗಲೇ ಒಂದಿರುವವರ ಎರಡನೇ ಪಾರ್ಕ್ ಕೆಳಗೆ ಹೋಗಬೇಕು.

ಪ್ರಶ್ನೆ: ನಮ್ಮ ಪಾರ್ಕಿನ ವಾಕಿಂಗ್ ಟ್ರ್ಯಾಕಿಗೆ ಪೇವರ್ ಬ್ಲಾಕ್ ಹಾಕಿದ್ದರು. ಎರಡೇ ಮಳೆಗಾಲಕ್ಕೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಕುಸಿದು, ನಮ್ಮ ತಾಯಿ ಎಡವಿ ಬಿದ್ದರು. ಕಾಂಟ್ರಾಕ್ಟರ್ ದುಡ್ಡು ನುಂಗಿದ್ದಾನೆ ಅಂತ ಎಲ್ಲರೂ ಬೈತಿದ್ದಾರೆ. ನಿಜಾನಾ?
— ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ತಾಯಿಯವರು ಈಗ ಹುಷಾರಾಗಿದ್ದಾರೆ ಅಂದುಕೊಂಡಿದ್ದೇನೆ. ಆ ಕಾಂಟ್ರಾಕ್ಟರ್ ವಿಷಯ ನಾನು ಹೇಳಲಾರೆ, ಆದರೆ ನಮ್ಮ ಎರೆ ಮಣ್ಣಿನ ವಿಷಯ ಹೇಳಬಲ್ಲೆ.

ಬೇಸಿಗೆಯಲ್ಲಿ ಎರೆ ಹೊಲಕ್ಕೆ ಹೋದವರಿಗೆ ಗೊತ್ತು, ನೆಲ ಬಾಯಿ ಬಿಟ್ಟಿರುತ್ತೆ, ಬಿರುಕಿನಲ್ಲಿ ಕೈ ಇಡಬಹುದು. ಮಳೆ ಬಿದ್ದ ಮೇಲೆ ಅದೇ ನೆಲ ನೀರು ಕುಡಿದು ಉಬ್ಬಿ ಬಿರುಕೆಲ್ಲ ಮುಚ್ಚುತ್ತೆ. ಈ ಮಣ್ಣಿನಲ್ಲಿರುವ ಜೇಡಿಯ ಗುಣವೇ ಅದು. ಇಂಥ ನೆಲದ ಮೇಲೆ ನಾಲ್ಕು ಬೆರಳು ಮರಳು ಹರವಿ ಬ್ಲಾಕ್ ಕೂರಿಸಿದರೆ ಮಳೆಗಾಲದಲ್ಲಿ ಎತ್ತುತ್ತೆ, ಬೇಸಿಗೆಯಲ್ಲಿ ಇಳಿಸುತ್ತೆ. ಎಲ್ಲ ಕಡೆ ಒಂದೇ ಸಮ ಎತ್ತುವುದೂ ಇಲ್ಲ. ಹುಲ್ಲಿಗೆ ನೀರು ಬಿಡುವ ಬದಿ ಯಾವಾಗಲೂ ಒದ್ದೆ, ಕಂಪೌಂಡ್ ಬದಿ ಒಣ, ಹಾಗಾಗಿ ಹಾದಿ ಒಂದು ಕಡೆಗೆ ವಾಲುತ್ತೆ. ನಿಮ್ಮ ಪಾರ್ಕಿನಲ್ಲಿ ಹೋಗಿ ನೋಡಿ, ಉಬ್ಬಿರುವುದು ನೀರಿನ ಪೈಪು ಸೋರುವ ಕಡೆ, ಹುಲ್ಲಿನ ಅಂಚಿನ ಕಡೆ ಜಾಸ್ತಿ ಇರಬಹುದು.

ಸರಿಯಾದ ಕೆಲಸ ಅಂದರೆ ಹಾದಿಯಷ್ಟು ಅಗಲಕ್ಕೆ ಒಂದೂವರೆ ಎರಡು ಅಡಿ ಕರಿ ಮಣ್ಣು ತೆಗೆಯಬೇಕು, ಮುರುಮ್ ಅಂದರೆ ಗರಸು ಮಣ್ಣು ತುಂಬಬೇಕು, ಒಂದೇ ಸಲ ಸುರಿಯದೆ ಪದರ ಪದರವಾಗಿ ನೀರು ಹಾಕಿ ರೋಲರ್ ಹೊಡೆಯಬೇಕು, ಎರಡೂ ಬದಿಗೆ ನೀರು ಹರಿದುಹೋಗಲು ದಾರಿ ಬಿಡಬೇಕು. ಇದೆಲ್ಲ ನೆಲದ ಕೆಳಗೆ ಆಗುವ ಖರ್ಚು, ಫೋಟೊದಲ್ಲಿ ಕಾಣಲ್ಲ. ಎಸ್ಟಿಮೇಟ್ ಕಡಿಮೆ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ನನ್ನ ಮಾತು ಕೇಳುವುದಾದರೆ ಗೋಪುರ ಬಿಡಿ, ಕಾರಂಜಿ ಬಿಡಿ, ಈ ಎರಡು ಅಡಿ ಮುರುಮ್ ಮಾತ್ರ ಬಿಡಬೇಡಿ.

ಇನ್ನೊಂದು ಮಾತು. ಶಹಾಬಾದಿನ ಪರ್ಸಿ ಕಲ್ಲು ನಮ್ಮ ಜಿಲ್ಲೆಯದೇ, ದೂರದ ಊರುಗಳೂ ತರಿಸಿಕೊಳ್ಳುವ ಕಲ್ಲು. ಪಾಲಿಶ್ ಮಾಡದ ದಪ್ಪ ಪರ್ಸಿಯನ್ನು ಸಿಮೆಂಟಿನಲ್ಲಿ ಹೂಳದೆ ಮರಳಿನ ಮೇಲೆ ಸಂದು ಬಿಟ್ಟು ಹಾಸಿದರೆ ನೆಲ ಏರುಪೇರಾದಾಗ ಕಲ್ಲೆತ್ತಿ ಕೆಳಗೆ ಸಮ ಮಾಡಿ ಅದೇ ಕಲ್ಲನ್ನು ಮತ್ತೆ ಕೂರಿಸಬಹುದು. ನಮ್ಮೂರಿನ ಯಾವ ಗೌಂಡಿಗೆ ಹೇಳಿದರೂ ಮಾಡಿಕೊಡುತ್ತಾನೆ, ಸಾಮಾನಿಗೆ ಮತ್ತೆ ಟೆಂಡರ್ ಕರೆಯಬೇಕಿಲ್ಲ. ಬರೀ ನಡೆಯುವ ಹಿರಿಯರಿಗಾದರೆ ಚೆನ್ನಾಗಿ ಬಡಿದ ಮುರುಮ್ ಹಾದಿಯೇ ಮಂಡಿಗೆ ಹಿತ, ವರ್ಷಕ್ಕೊಮ್ಮೆ ಮೇಲೆ ತೆಳ್ಳಗೆ ಹೊಸ ಮುರುಮ್ ಹಾಕಿದರಾಯ್ತು. ಗಾಲಿಕುರ್ಚಿಯವರಿಗೆ ಮಾತ್ರ ಗೇಟಿನಿಂದ ನೆರಳಿನ ಕಟ್ಟೆಯವರೆಗೆ ಗಟ್ಟಿ ಹಾದಿ ಇರಲೇಬೇಕು.

ಕಂಪೌಂಡ್ ಗೋಡೆಗೂ ಇದೇ ಕತೆ. ಎರೆ ಮಣ್ಣಿಗೆ ಅಂತಲೇ ಬುಡ ಅಗಲ ಮಾಡಿದ ಪೈಲ್ ಅಡಿಪಾಯವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದೆ, ಆದರೆ ಪಾರ್ಕಿನ ಗೋಡೆಗೆ ಅಷ್ಟು ಖರ್ಚು ಯಾಕೆ? ಕಬ್ಬಿಣದ ಕಂಬ, ಜಾಳಿಗೆ ತಂತಿ, ಅದರ ಗುಂಟ ಬೇಲಿ ಗಿಡ ಇದ್ದರೆ ನೆಲ ಅಲ್ಲಾಡಿದರೂ ಬಿರುಕು ಬಿಡುವುದಕ್ಕೆ ಏನೂ ಇರುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಕುಡಿಯೋಕೆ ನೀರಿಲ್ಲ, ಪಾರ್ಕಿನ ಹುಲ್ಲಿಗೆ ಟ್ಯಾಂಕರ್ ಬಿಡ್ತಾರೆ. ಇದು ಸರೀನಾ?
— ಯಾದಗಿರಿ

ಉತ್ತರ: ಸರಿಯಲ್ಲ. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ ಚದರ ಮೀಟರಿಗೆ 5 ಲೀಟರ್ ಹಿಡಿದರೂ ಒಂದು ಎಕರೆಗೆ 20 ಸಾವಿರ ಲೀಟರ್. 5 ಸಾವಿರ ಲೀಟರಿನ ಟ್ಯಾಂಕರ್ ನಾಲ್ಕು ಬೇಕು, ಅದೂ ದಿನಾ. ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವಾಗ ಅದೂ ಸಾಲುವುದಿಲ್ಲ. ಹುಲ್ಲುಹಾಸು ಬೇಕೇ ಬೇಕು ಅನ್ನುವವರು ಮಕ್ಕಳು ಉರುಳಾಡುವಷ್ಟು ಸಣ್ಣ ತುಂಡು ಇಟ್ಟುಕೊಳ್ಳಲಿ, ಉಳಿದದ್ದು ಮರದ ನೆರಳಾಗಲಿ.

ಬೇವು, ಹೊಂಗೆ, ಹುಣಸೆ, ಅರಳಿ, ಆಲ ಇವಕ್ಕೆ ಮೊದಲ ಮೂರು ಬೇಸಿಗೆ ನೀರು ಕೊಟ್ಟರೆ ಆಮೇಲೆ ತಾವೇ ದಾರಿ ನೋಡಿಕೊಳ್ಳುತ್ತವೆ. ಇಲ್ಲೂ ಲೆಕ್ಕ ಇದೆ. ಪಾರ್ಕಿನಲ್ಲಿರುವ ಬೇರೆಲ್ಲ ಸಾಮಾನು ವರ್ಷ ಕಳೆದಂತೆ ಸವೆಯುತ್ತೆ, ಮರ ಒಂದೇ ಬೆಲೆ ಏರುವ ಆಸ್ತಿ. ಕಲಬುರಗಿಯ ಪಬ್ಲಿಕ್ ಗಾರ್ಡನ್ ನಿಜಾಮರ ಕಾಲದ್ದು, ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿಗೆ ಹೋಗುವವರು ಹುಡುಕುವುದು ದೊಡ್ಡ ಮರದ ಬುಡವನ್ನೇ. ಮರ ನೆರಳು ಕೊಡಲು ಎಂಟು ಹತ್ತು ವರ್ಷ ಬೇಕು, ಹಾಗಾಗಿ ಇಪ್ಪತ್ತು ವರ್ಷದ ಯೋಜನೆಯಲ್ಲಿ ಮೊದಲ ವರ್ಷದ ಮೊದಲ ಕೆಲಸ ಗಿಡ ನೆಡುವುದೇ ಆಗಬೇಕು, ಮುಂಗಾರು ಹಿಡಿದ ಕೂಡಲೇ. ಕಟ್ಟಡ, ಹಾದಿ ಆಮೇಲೆ ಬರಲಿ. ಬಹಳ ಕಡೆ ತಿರುಗಾಮುರುಗಾ ಮಾಡುತ್ತಾರೆ, ಎಲ್ಲ ಕಟ್ಟಿ ಮುಗಿದ ಮೇಲೆ ಉಳಿದ ಮೂಲೆಯಲ್ಲಿ ಗಿಡ. ಬೇಗ ಹಸಿರಾಗುತ್ತೆ ಅಂತ ಕೊನೊಕಾರ್ಪಸ್ ನೆಡುವವರಿಗೆ ಒಂದು ಮಾತು, ಅದನ್ನು ಗುಜರಾತ್ 2023ರಲ್ಲೇ ನಿಷೇಧಿಸಿದೆ.

ನೀರಿಗೆ ಮೀಸಲಾದ ಅನುದಾನದಲ್ಲಿ ಮಳೆನೀರು ಕೊಯ್ಲು, ನೀರಿನ ಮರುಬಳಕೆಯೂ ಸೇರುತ್ತೆ ಅನ್ನುವುದನ್ನು ಮರೆಯಬೇಡಿ. ಪಾರ್ಕಿನಲ್ಲಿ ಇಂಗುಗುಂಡಿ ಮಾಡಿಸುವುದು, ಸಂಸ್ಕರಿಸಿದ ಕೊಳಚೆ ನೀರಿನ ಪೈಪು ಪಾರ್ಕಿನವರೆಗೆ ತರುವುದು, ಇವನ್ನು ‘ಉದ್ಯಾನ ಅಭಿವೃದ್ಧಿ’ ಅಂತ ಬರೆಯದೆ ನೀರಿನ ಕಾಮಗಾರಿಯಾಗಿ ಬರೆದರೆ ದುಡ್ಡು ಸಿಗುವ ದಾರಿ ಜಾಸ್ತಿ.

ಪ್ರಶ್ನೆ: ನಾನು ಪಿಯುಸಿ ಓದ್ತಿದ್ದೀನಿ. ಸಂಜೆ ಆರೂವರೆ ಆದ ಮೇಲೆ ಪಾರ್ಕಿಗೆ ಹೋಗೋಕೆ ಮನೆಯಲ್ಲಿ ಬಿಡಲ್ಲ, ನನಗೂ ಭಯ. ಇದನ್ನೆಲ್ಲ ಪ್ಲ್ಯಾನ್ ಮಾಡೋರು ಯೋಚಿಸ್ತಾರಾ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಯೋಚಿಸಬೇಕು ತಂಗಿ. ಬೇಸಿಗೆಯಲ್ಲಿ ನಮ್ಮ ಊರಲ್ಲಿ ಪಾರ್ಕಿಗೆ ಹೋಗುವ ಹೊತ್ತೇ ಆರೂವರೆ ಮೇಲೆ, ಅದಕ್ಕೆ ಮೊದಲು ನೆಲ ಕಾದಿರುತ್ತೆ. ಆ ಹೊತ್ತಿಗೆ ಹೆಣ್ಣುಮಕ್ಕಳು ಬರಲಾಗದ ಪಾರ್ಕ್ ಅರ್ಧ ಊರಿಗೆ ಮುಚ್ಚಿದ ಹಾಗೆಯೇ. ದೀಪ, ನೀರು ಬರುವ ಶೌಚಾಲಯ, ಒಳಗೆ ಏನು ನಡೆಯುತ್ತಿದೆ ಅಂತ ರಸ್ತೆಯಿಂದ ಕಾಣುವಂಥ ಬೇಲಿ, ಎರಡು ಗೇಟು. ಒಂದೇ ಗೇಟಿದ್ದರೆ ಅಲ್ಲಿ ಯಾರಾದರೂ ಗುಂಪುಕಟ್ಟಿ ನಿಂತರೆ ಹೊರಗೆ ಬರುವುದಕ್ಕೂ ಆಗಲ್ಲ, ಅಲ್ವಾ. ಇವು ನಾಲ್ಕೂ ಆದ ಮೇಲೆ ಬೇರೆ ಮಾತು. ದೀಪ ಕೆಟ್ಟರೆ ಎಷ್ಟು ದಿನದಲ್ಲಿ ಸರಿ ಮಾಡಬೇಕು ಅನ್ನುವುದು ಗುತ್ತಿಗೆಯಲ್ಲೇ ಬರೆದಿರಬೇಕು. ನೀವು ಐದಾರು ಗೆಳತಿಯರು ಸೇರಿ ಒಂದು ಸಂಜೆ ಮನೆಯವರ ಜೊತೆಯಲ್ಲೇ ಹೋಗಿ ಎಲ್ಲೆಲ್ಲಿ ಕತ್ತಲೆ ಇದೆ, ಎಲ್ಲಿ ಭಯ ಆಗುತ್ತೆ ಅಂತ ಒಂದು ಹಾಳೆಯಲ್ಲಿ ನಕ್ಷೆ ಬರೆದು ವಾರ್ಡಿನ ಸದಸ್ಯರಿಗೆ ಕೊಡಿ.

ಪ್ರಶ್ನೆ: ಪಾರ್ಕಿಗೆ ಬಿಟ್ಟ ಜಾಗದಲ್ಲಿ ಸಮುದಾಯ ಭವನ ಕಟ್ಟೋಣ ಅಂತ ನಮ್ಮಲ್ಲೇ ಕೆಲವರು ಹೇಳ್ತಿದ್ದಾರೆ. ಖಾಲಿ ಬಿದ್ದಿದೆ, ಏನಾದರೂ ಉಪಯೋಗ ಆಗಲಿ ಅಂತ. ಕಟ್ಟಬಹುದಾ?
— ಹುಮನಾಬಾದ್ ರಸ್ತೆ, ಕಲಬುರಗಿ

ಉತ್ತರ: ಬೇಡ. ಬೆಂಗಳೂರಿನಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಆಸ್ಪತ್ರೆಗೇ ಸಿಗದ ಜಾಗ ಮದುವೆ ಹಾಲಿಗೆ ಸಿಗುತ್ತಾ? ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸುವುದಕ್ಕೇ 1985ರ ಕಾಯ್ದೆ ಇದೆ, ಇರುವ ಪಾರ್ಕುಗಳ ಪಟ್ಟಿ ಮಾಡಿ ಪ್ರಕಟಿಸಬೇಕು ಅನ್ನುವುದರಿಂದಲೇ ಅದು ಶುರುವಾಗುತ್ತೆ. ನಿಮ್ಮ ಜಾಗ ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ. ಜಾಗ ಖಾಲಿ ಇದೆ ಅನ್ನುವುದೇ ಒತ್ತುವರಿಯವರಿಗೆ ಕರೆ ಕೊಟ್ಟ ಹಾಗೆ. ಪೂರ್ತಿ ಪಾರ್ಕಿಗೆ ದುಡ್ಡು ಬರುವವರೆಗೆ ಕಾಯಬೇಡಿ, ಸುತ್ತ ತಂತಿ ಬೇಲಿ, ‘ಉದ್ಯಾನಕ್ಕೆ ಮೀಸಲು’ ಅಂತ ಬೋರ್ಡು, ಒಂದಿಪ್ಪತ್ತು ಗಿಡ. ಇದು ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ, ಜಾಗ ಕೈಬಿಟ್ಟರೆ ಎಷ್ಟು ಕೋಟಿ ಇಟ್ಟರೂ ವಾಪಸ್ ಬರಲ್ಲ.

ಪ್ರಶ್ನೆ: ನಮ್ಮ ಊರಿನ ಉದ್ಯಾನವನ್ನು ಕಂಪನಿಗೆ ದತ್ತು ಕೊಟ್ಟರೆ ಹೇಗೆ? ಅಥವಾ ಹತ್ತು ರೂಪಾಯಿ ಟಿಕೆಟ್ ಇಟ್ಟರೆ ಖರ್ಚು ಹೊರಡಲ್ವಾ?
— ವ್ಯಾಪಾರಿ, ಬೀದರ್

ಉತ್ತರ: ಮೊದಲನೆಯದಕ್ಕೆ ಹೂಂ, ಆದರೆ ಕರಾರು ನೋಡಿಕೊಂಡು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇ 2 ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಪರಿಸರದ ಕೆಲಸವೂ ಅದರಲ್ಲಿ ಬರುತ್ತೆ. ನಮ್ಮ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಅವರು ಗೇಟು ಕಟ್ಟಿ ಹೆಸರು ಬರೆಸಿ ಹೋಗುವುದಾದರೆ ಬೇಡ, ಅದರಿಂದ ಹೊರೆ ಊರಿನ ಮೇಲೇ ಬೀಳುತ್ತೆ. ಕನಿಷ್ಠ ಐದು ವರ್ಷ ಮಾಲಿ, ನೀರು, ರಿಪೇರಿ ನಮ್ಮದು ಅಂತ ಬರೆದುಕೊಟ್ಟರೆ ಮಾತ್ರ ಹೆಸರಿನ ಬೋರ್ಡು. ಸಾರ್ವಜನಿಕರನ್ನು ತಡೆಯುವಂತಿಲ್ಲ ಅನ್ನುವ ಮಾತೂ ಅದರಲ್ಲಿರಲಿ.

ಟಿಕೆಟ್ ವಿಷಯಕ್ಕೆ ನನ್ನ ವಿರೋಧ ಇದೆ. ಸರಳ ಲೆಕ್ಕ ಹೇಳುತ್ತೇನೆ. ಮೂರು ಮಕ್ಕಳನ್ನು ಕರೆದುಕೊಂಡು ಬರುವ ಕೂಲಿ ಕೆಲಸದ ತಾಯಿಗೆ ಅದು 40 ರೂಪಾಯಿ, ವಾರಕ್ಕೆ ಮೂರು ಸಲ ಬಂದರೆ ತಿಂಗಳಿಗೆ 500 ರೂಪಾಯಿ ಹತ್ತಿರ. ಅವಳು ಬರುವುದೇ ಬಿಡುತ್ತಾಳೆ. ಮನೆಯಲ್ಲಿ ಕೂಲರ್ ಇಲ್ಲದವರಿಗೇ ಪಾರ್ಕಿನ ಸಂಜೆ ಗಾಳಿ ಹೆಚ್ಚು ಬೇಕು. ದೊಡ್ಡ ಉದ್ಯಾನದಲ್ಲಿ ವಾಹನ ನಿಲ್ಲಿಸಲು ಶುಲ್ಕ, ಹೊರಗಿನ ಅಂಗಡಿಗಳ ಬಾಡಿಗೆ, ಇವನ್ನು ನೇರವಾಗಿ ಆ ಉದ್ಯಾನದ ಲೆಕ್ಕಕ್ಕೇ ಹಾಕಲಿ, ಅದು ಸರಿ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ಸಮಯ ಇದೆ. ನಾವು ಏಳೆಂಟು ಜನ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಸೇರುತ್ತೇವೆ. ನಾವೇ ಏನಾದರೂ ಶುರು ಮಾಡಬಹುದಾ?
— ಅಪ್ಪನ ಕೆರೆ ಹತ್ತಿರ, ಕಲಬುರಗಿ

ಉತ್ತರ: ಸರ್, ನಿಮ್ಮಂಥವರ ಪತ್ರಕ್ಕೇ ಕಾಯುತ್ತಿದ್ದೆ. ನಿಮ್ಮ ವಾರ್ಡಿನ ಪಾರ್ಕುಗಳ ಆಸ್ತಿ ಪುಸ್ತಕ ಮಾಡಿ. ಒಂದು ದೊಡ್ಡ ನೋಟ್‌ಬುಕ್ ಸಾಕು. ಪ್ರತಿ ವಸ್ತುವಿಗೂ ಒಂದು ಸಾಲು. ಏನದು, ಯಾವ ವರ್ಷ ಹಾಕಿದ್ದು, ಈಗ ಹೇಗಿದೆ, ಇನ್ನೆಷ್ಟು ವರ್ಷ ಬರಬಹುದು, ಬದಲಿಸಲು ಎಷ್ಟು ಬೇಕು. ‘ಹೇಗಿದೆ’ ಅನ್ನುವುದಕ್ಕೆ ಮೂರೇ ಗುರುತು ಇಟ್ಟುಕೊಳ್ಳಿ: ಚೆನ್ನಾಗಿದೆ, ರಿಪೇರಿ ಬೇಕು, ಅಪಾಯ. ಜೋಕಾಲಿಯ ಕೊಂಡಿ ಅರ್ಧ ಸವೆದಿದ್ದರೆ, ದೀಪದ ಕಂಬದ ಬುಡದಲ್ಲಿ ವೈರ್ ಹೊರಬಂದಿದ್ದರೆ ಅದು ಅಪಾಯ, ಬಜೆಟ್ಟಿಗೆ ಕಾಯದೆ ಅವತ್ತೇ ಬರೆದು ಕೊಡಬೇಕು. ಬೋರಿನ ಆಳ, ಮೋಟಾರಿನ ಎಚ್‌ಪಿ, ಕರೆಂಟಿನ ಆರ್‌ಆರ್ ನಂಬರ್, ವಾಲ್ವ್ ಎಲ್ಲಿದೆ ಅನ್ನುವುದೂ ಇರಲಿ. ಹಳೇ ಮಾಲಿ ಕೆಲಸ ಬಿಟ್ಟುಹೋದ ದಿನ ಈ ಮಾಹಿತಿಯೂ ಅವನ ಜೊತೆ ಹೋಗಿಬಿಡುತ್ತೆ, ಆಮೇಲೆ ವಾಲ್ವ್ ಹುಡುಕಲು ನೆಲ ಅಗೆಯುತ್ತಾರೆ.

ಯಾವ ವರ್ಷ ಹಾಕಿದ್ದು, ಎಷ್ಟಾಯ್ತು, ಕಾಂಟ್ರಾಕ್ಟರ್ ಎಷ್ಟು ವರ್ಷ ದೋಷ ಸರಿಪಡಿಸಿಕೊಡಬೇಕು ಅನ್ನುವುದು ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ದೋಷ ಸರಿಪಡಿಸುವ ಅವಧಿ ಇನ್ನೂ ಮುಗಿದಿಲ್ಲ ಅಂತ ತಿಳಿದರೆ ರಿಪೇರಿಗೆ ಊರಿನ ದುಡ್ಡು ಬೇಕೇ ಇಲ್ಲ, ಕಾಂಟ್ರಾಕ್ಟರೇ ಮಾಡಿಕೊಡಬೇಕು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ನೀವು ಬ್ಯಾಂಕಿನವರಾದ್ದರಿಂದ ಮುಂದಿನದು ನಿಮಗೆ ಸಲೀಸು. ಪುಸ್ತಕದ ಸಾಲುಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಮೊದಲ ಐದು ವರ್ಷದಲ್ಲಿ ಯಾವ ವರ್ಷ ಎಷ್ಟು ಬೇಕು ಅಂತ ಕಾಣುತ್ತೆ. ಎಲ್ಲ ಒಂದೇ ವರ್ಷ ಬಂದು ಬಿದ್ದರೆ ಕೆಲವನ್ನು ಹಿಂದೆ ಮುಂದೆ ಸರಿಸಿ. ಅದರಾಚೆಯ ಹದಿನೈದು ವರ್ಷಕ್ಕೆ ಅಂದಾಜು ಸಾಕು. ಪ್ರತಿ ವರ್ಷ ಮುಗಿದ ವರ್ಷ ತೆಗೆದು ಮುಂದಿನದು ಸೇರಿಸುತ್ತಾ ಹೋಗಬೇಕು, ಇಲ್ಲದಿದ್ದರೆ ಎರಡನೇ ವರ್ಷಕ್ಕೇ ಕಾಗದ ಹಳೇದಾಗುತ್ತೆ.

3 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 243ಎಸ್ ವಿಧಿಯೇ ಹೇಳುತ್ತೆ, ನಿಮ್ಮ ವಾರ್ಡಿನಲ್ಲಿ ಸಮಿತಿ ಸಭೆ ಯಾವಾಗ ಅಂತ ಬರೆದು ಕೇಳಿ. ಹೊಸ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು, ಬಜೆಟ್ಟಿನ ತಯಾರಿ ಅದಕ್ಕೆ ಮೂರ್ನಾಲ್ಕು ತಿಂಗಳು ಮೊದಲೇ ಆಗುತ್ತೆ, ಮಾರ್ಚಿನಲ್ಲಿ ಹೋಗಿ ಕೇಳಿದರೆ ಯಾರ ಕೈಯಲ್ಲೂ ಏನೂ ಉಳಿದಿರುವುದಿಲ್ಲ. ಡಿಸೆಂಬರಿನೊಳಗೆ ಪುಸ್ತಕ ಮುಗಿಸಿ, ಅದರ ಮೊದಲ ಪುಟದಲ್ಲಿ ಮುಂದಿನ ಒಂದೇ ವರ್ಷಕ್ಕೆ ಬೇಕಾದ ಮೂರೋ ನಾಲ್ಕೋ ಕೆಲಸ, ಅದರ ಎದುರಿಗೆ ರೂಪಾಯಿ, ಇಷ್ಟು ಮಾತ್ರ ಬರೆದು ಸದಸ್ಯರಿಗೂ ಆಯುಕ್ತರ ಕಚೇರಿಗೂ ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಪುಸ್ತಕದ ಒಂದು ಜೆರಾಕ್ಸ್ ನಮಗೂ ಕಳಿಸಿದರೆ ಬೇರೆ ವಾರ್ಡಿನವರು ನೋಡಿಕೊಳ್ಳಲು ಒಂದೆರಡು ಪುಟ ಈ ಅಂಕಣದಲ್ಲೇ ಹಾಕುತ್ತೇವೆ.